ಹಣ್ಣೆಲೆಯ ಕಣಿವೆಯಲ್ಲಿ

ನಸೀಮ್ ಬಾಗ್‌ನಲ್ಲಿ ಎಲೆ ಉದುರುವ ಸದ್ದು ಕೇಳಿಸುತ್ತದೆ. ನವೆಂಬರ್ ಮೊದಲ ವಾರ, ಬೆಳಗಿನ ಏಳೂಕಾಲು. ಗಾಳಿಯ ಸುಳಿವಿಲ್ಲ. ಆದರೂ ಎಲ್ಲೋ ಮೇಲೆ ಒಂದು ತೊಟ್ಟು ಕಳಚುತ್ತದೆ. ಅಂಗೈಗಿಂತ ಅಗಲದ ಎಲೆ ಕೊಂಬೆಯಿಂದ ಕೊಂಬೆಗೆ ಸವರಿಕೊಂಡು, ಅವಸರವಿಲ್ಲದೆ ಇಳಿದುಬಂದು, ಮೊದಲೇ ಬಿದ್ದ ಎಲೆಗಳ ಮೇಲೆ ಚರಕ್ಕೆಂದು ಕೂರುತ್ತದೆ. ಒಣಗಿದ ಹಪ್ಪಳದ ಮೇಲೆ ಇನ್ನೊಂದು ಹಪ್ಪಳ ಇಟ್ಟಷ್ಟೇ ಸದ್ದು. ಸ್ವಲ್ಪ ಹೊತ್ತಿಗೆ ಬಲಗಡೆ ಇನ್ನೊಂದು. ಆಮೇಲೆ ಹಿಂದೆಲ್ಲೋ ಎರಡು ಒಟ್ಟಿಗೆ. ಕಣ್ಣು ಮುಚ್ಚಿ ನಿಂತರೆ ಮಳೆ ಹಿಡಿಯುವ ಮುಂಚಿನ ದಪ್ಪ ಹನಿಗಳು ಹೆಂಚಿನ ಮೇಲೆ ಒಂದೊಂದಾಗಿ ಬೀಳುತ್ತಿವೆ ಎನ್ನಿಸುತ್ತದೆ.

ಶ್ರೀನಗರದ ದಾಲ್ ಸರೋವರದ ಪಶ್ಚಿಮ ದಂಡೆಯಲ್ಲಿ, ಹಜ್ರತ್‌ಬಲ್ ದರ್ಗಾದ ಮಗ್ಗುಲಲ್ಲಿ ಈ ತೋಪಿದೆ. 1586ರಲ್ಲಿ ಕಣಿವೆ ಮೊಗಲರ ಕೈಗೆ ಬಂದ ಮೇಲೆ ಅಕ್ಬರ್ ಇಲ್ಲಿ ತೋಟಕ್ಕೆ ಜಾಗ ಆರಿಸಿದ. ಶಾಹಜಹಾನನ ಕಾಲದಲ್ಲಿ 1,200 ಚಿನಾರ್ ಸಸಿಗಳನ್ನು ಸಾಲು ಹಿಡಿದು ನೆಟ್ಟರು ಎನ್ನುತ್ತಾರೆ. ಈಗ ಇದು ಕಾಶ್ಮೀರ ವಿಶ್ವವಿದ್ಯಾಲಯದ ಆವರಣದೊಳಗಿದೆ. ನಿಶಾತ್, ಶಾಲಿಮಾರ್‌ಗಳ ಹಾಗೆ ಇಲ್ಲಿ ಕಾರಂಜಿ ಇಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರಿಲ್ಲ, ಕಲ್ಲಿನ ಮಂಟಪವಿಲ್ಲ. ಮರಗಳಿವೆ, ಅಷ್ಟೇ. ಅಷ್ಟು ಸಾಕು ಎಂದು ಗೊತ್ತಾಗಲು ಬಿಸಿಲು ಬರುವ ತನಕ ಕಾಯಬೇಕು.

ಬಿಸಿಲು ಆಚೆ ದಡದ ಜಬರ್ವಾನ್ ಬೆಟ್ಟಸಾಲನ್ನು ಹತ್ತಿ ಬರಬೇಕಾದ್ದರಿಂದ ತಡ. ಅಲ್ಲಿಯ ತನಕ ತೋಪೆಲ್ಲ ನೀಲಿ ಮಂಜಿನಲ್ಲಿ ಅದ್ದಿಟ್ಟ ಹಾಗಿರುತ್ತದೆ. ಮರಗಳು ಕೆಂಪೋ ಕಂದೋ ಹೇಳಲು ಬರುವುದಿಲ್ಲ. ಏಳೂವರೆ ದಾಟಿದ ಮೇಲೆ ಮೊದಲ ಕಿರಣ ನೀರಿನ ಮೇಲಿನಿಂದ ಅಡ್ಡಡ್ಡವಾಗಿ ಬಂದು ಎಲೆಗಳ ಹಿಂಬದಿಗೆ ಬೀಳುತ್ತದೆ. ಆಗ ನೋಡಬೇಕು. ಬಣ್ಣ ಎಲೆಯ ಮೇಲೆ ಬಳಿದದ್ದಲ್ಲ, ಒಳಗಿಂದ ಬರುತ್ತಿರುವುದು ಅನ್ನುವ ಹಾಗೆ ಇಡೀ ಮರ ಬೆಳಗುತ್ತದೆ: ತುದಿಯಲ್ಲಿ ಕೆಂಡ, ನಡುವೆ ಬಾಳಕದ ಮೆಣಸಿನಕಾಯಿಯ ಬಣ್ಣ, ಬುಡದ ಕೊಂಬೆಗಳಲ್ಲಿ ಇನ್ನೂ ಅರಿಸಿನ, ಒಂದೆರಡು ಕಡೆ ಬಿಡಲೊಲ್ಲದ ಹಸಿರು. ಬೆಲ್ಲದ ಪಾಕ ಹದಕ್ಕೆ ಬರುವಾಗ ಬಾಣಲೆಯಲ್ಲಿ ಕಾಣುವ ಆ ಎಲ್ಲ ಬಣ್ಣಗಳೂ ಒಂದೇ ಮರದಲ್ಲಿವೆ.

ಹಳಬರು ಬೆಳಗ್ಗೆ ನಿಶಾತ್‌ಗೂ ಸಂಜೆ ನಸೀಮ್‌ಗೂ ಹೋಗಬೇಕೆನ್ನುತ್ತಿದ್ದರು. ಬೇಸಿಗೆಗೆ ಅದು ಸರಿ. ಬೆಟ್ಟದ ನೆರಳಿನ ತಂಪು ಬೆಳಗ್ಗೆ ನಿಶಾತ್‌ನಲ್ಲಿ, ಸರೋವರದ ಗಾಳಿ ಸಂಜೆ ಇಲ್ಲಿ. ಆದರೆ ಎಲೆ ನೋಡಲು ಬಂದವರು ಇದನ್ನು ತಿರುವುಮುರುವು ಮಾಡಬೇಕೆಂಬುದು ನನ್ನ ಅನುಭವ. ಹಣ್ಣಾದ ಎಲೆಯ ಚೆಲುವು ತಗ್ಗಿದ ಬಿಸಿಲಿನಲ್ಲೇ ಇರುವುದು. ನೆತ್ತಿಯ ಮೇಲಿನ ಸೂರ್ಯನಿಗೆ ಅದು ಬರೀ ತರಗು.

ಚಿನಾರ್ ಎಲೆ ನೋಡದವರಿಗೆ ಹರಳೆಲೆ ನೆನಪಿಸಿದರೆ ಸಾಕು. ನಮ್ಮ ಹಿತ್ತಲ ಔಡಲದ್ದೇ ಹಸ್ತ, ಬೆರಳು ಬಿಡಿಸಿದ ಅದೇ ಠೀವಿ. ಆದರೆ ಔಡಲ ಆಳೆತ್ತರದ ಗಿಡ. ಚಿನಾರ್ 30 ಮೀಟರ್ ಎತ್ತರಕ್ಕೂ ಬೆಳೆಯುವ ಮಹಾವೃಕ್ಷ. ತೊಗಟೆ ಚಕ್ಕೆ ಚಕ್ಕೆಯಾಗಿ ಎದ್ದು, ಕಾಂಡದ ಮೇಲೆ ಬೂದು, ಕೆನೆ, ತಿಳಿಹಸಿರಿನ ತೇಪೆಗಳು. ಕೊಂಬೆಗಳಲ್ಲಿ ದಾರಕ್ಕೆ ಪೋಣಿಸಿದಂತೆ ಮುಳ್ಳುಗುಂಡಿನ ಕಾಯಿಗಳು ಜೋಲುತ್ತವೆ. ಹಳೆಯ ಮರಗಳ ಬೊಡ್ಡೆ ಟೊಳ್ಳು. ಕೆಲವದರೊಳಗೆ ನಾಲ್ಕಾರು ಜನ ಕೂರಬಹುದು. ಕಾಶ್ಮೀರಿಗಳು ಇದನ್ನು ಬೂನಿ ಎನ್ನುತ್ತಾರೆ. ಆ ಹೆಸರನ್ನು ಭವಾನಿಗೆ ಜೋಡಿಸುವವರೂ ಇದ್ದಾರೆ. ತುಲ್‌ಮುಲ್‌ನ ಖೀರ್ ಭವಾನಿಯ ಗುಡಿಯಂಗಳದಲ್ಲಿ ಚಿನಾರ್‌ಗಳೇ ಚಪ್ಪರ. ಅಲ್ಲಿ ಹರಕೆಯ ಹಾಲು ಬೀಳುವ ಚಿಲುಮೆಯ ಸುತ್ತ ಈ ದಿನಗಳಲ್ಲಿ ಕೆಂಪೆಲೆ ಹಾಸಿರುತ್ತದೆ.

ಮೊಗಲರು ತಂದ ಮರ ಇದು ಎಂದು ಮಾರ್ಗದರ್ಶಿಗಳು ಹೇಳುವುದುಂಟು. ಅವರು ಸಾಲು ಹಿಡಿದು ನೆಟ್ಟರು, ಅದಕ್ಕೆ ಅರಸುಮರದ ಪಟ್ಟ ಕೊಟ್ಟರು, ನಿಜ. ಆದರೆ 14ನೇ ಶತಮಾನದ ಲಲ್ಲೇಶ್ವರಿಯ ವಚನಗಳಲ್ಲೇ ಬೂನಿಯ ನೆರಳಿದೆ. ಬಡ್ಗಾಮ್ ಜಿಲ್ಲೆಯ ಚತ್ತರ್‌ಗಾಮ್‌ನ ಒಂದು ಮರವನ್ನು 1374ರಲ್ಲಿ ಸೂಫಿ ಸಂತ ಸೈಯದ್ ಕಾಸಿಂ ಶಾಹ್ ನೆಟ್ಟರೆಂದು ಊರವರ ನಂಬಿಕೆ. ಆ ಲೆಕ್ಕದಲ್ಲಿ ಅದು ಸಂಗಮರ ಕಾಲದ ವಿಜಯನಗರದ ಸಮವಯಸ್ಕ. ನಮ್ಮಲ್ಲಿ ಆ ಕಾಲದ್ದೆಂದು ಮುಟ್ಟಿ ನೋಡಲು ಕಲ್ಲುಗಳಿವೆ. ಇವರಿಗೆ ಪ್ರತಿವರ್ಷ ಎಲೆ ಬಿಡುವ ಮರವೊಂದಿದೆ.

ಈ ಋತುವಿಗೆ ಕಾಶ್ಮೀರಿಯಲ್ಲಿ ಹರುದ್ ಎಂದು ಹೆಸರು. ಮೊದಲ ಸಲ ಕೇಳಿದಾಗ ಫಾರಸಿ ಇರಬೇಕು ಅಂದುಕೊಂಡಿದ್ದೆ. ಅಲ್ಲ. ಅದು ನಮ್ಮ ಶರದ್. ಸಂಸ್ಕೃತದ ಎಷ್ಟೋ ‘ಶ’ಕಾರಗಳು ಕಾಶ್ಮೀರಿಯಲ್ಲಿ ‘ಹ’ ಆಗಿವೆ: ಶಾಕ ಹಾಖ್ ಆಯಿತು, ಶರದ್ ಹರುದ್ ಆಯಿತು. ಪಾಲನ್ನು ಹಾಲು ಮಾಡಿಕೊಂಡ, ಪೂವನ್ನು ಹೂವು ಮಾಡಿಕೊಂಡ ಕನ್ನಡದ ನಾಲಿಗೆಗೆ ಇದು ಅಪರಿಚಿತವೇನಲ್ಲ. ಗೊತ್ತಾದ ಮೇಲೆ ಆ ಪದ ಬಾಯಿಂದ ಬಾಯಿಗೆ ಬಂದಾಗಲೆಲ್ಲ ನೆಂಟರ ಮನೆಯಲ್ಲಿ ಕೂತ ಹಾಗಾಗುತ್ತಿತ್ತು. ಆಶ್ವಯುಜ ಕಾರ್ತಿಕಗಳ ಅದೇ ಶರದೃತು. ನಮ್ಮ ಕಡೆ ಮಳೆ ತೊಳೆದ ಹಸಿರು, ಚೆಂಡುಹೂವಿನ ರಾಶಿ, ದಸರೆ, ದೀಪಾವಳಿ. ಇಲ್ಲಿ ಮರವೇ ದೀಪ ಹಚ್ಚಿಕೊಂಡಿದೆ. ಶರತ್ಕಾಲದ ದೇವಿ ಶಾರದೆಯೂ ಈ ನಾಡಿನವಳೇ. ಕಾಶ್ಮೀರದ ಶಾರದಾ ಪೀಠಕ್ಕೂ ಶೃಂಗೇರಿಗೂ ಇರುವ ನಂಟು ನಮ್ಮ ಮನೆಗಳಲ್ಲಿ ದಿನವೂ ಸ್ತೋತ್ರದ ರೂಪದಲ್ಲಿ ಬಾಯಿಗೆ ಬರುವಂಥದ್ದು. 2023ರ ಮಾರ್ಚ್‌ನಲ್ಲಿ ಕುಪ್ವಾರಾ ಜಿಲ್ಲೆಯ ತೀತ್ವಾಲ್‌ನಲ್ಲಿ, ಕಿಶನ್‌ಗಂಗಾ ದಂಡೆಯಲ್ಲಿ ತೆರೆದ ಹೊಸ ಶಾರದಾ ಗುಡಿಗೆ ಪಂಚಲೋಹದ ಮೂರ್ತಿ ಹೋದದ್ದು ಶೃಂಗೇರಿಯಿಂದ.

ಬಣ್ಣದ ವಿಷಯದಲ್ಲಿ ಮಾತ್ರ ಎರಡೂ ನಾಡು ಒಂದಕ್ಕೊಂದು ಬೆನ್ನು ಮಾಡಿ ನಿಂತಿವೆ. ನಮ್ಮ ಮರ ಕೆಂಪಾಗುವುದು ಹುಟ್ಟುವಾಗ. ಮಾವಿನ ಚಿಗುರು ತಾಮ್ರ, ಅರಳಿಯ ಚಿಗುರು ಗುಲಾಬಿ. ಎಲೆ ಕಳಚಿಕೊಳ್ಳುವ ಮುನ್ನ ಕೆಂಪಾಗುವ ಬೀದಿಬದಿಯ ಕಾಡುಬಾದಾಮಿಯಂಥ ಮರ ನಮ್ಮಲ್ಲಿ ಅಪರೂಪ. ಇಲ್ಲಿ ಮರ ಕೆಂಪಾಗುವುದೇ ಬೀಳ್ಕೊಡುವಾಗ. ಆದರೆ ಬಣ್ಣದ ಮೂಲ ಒಂದೇ: ಆಂಥೋಸಯಾನಿನ್ ಎಂಬ ವರ್ಣದ್ರವ್ಯ, ಎಳೆ ಮಾವಿನೆಲೆಯಲ್ಲೂ ಮುದಿ ಚಿನಾರ್ ಎಲೆಯಲ್ಲೂ.

ಹಗಲು ಮೊಟಕಾಗಿ ರಾತ್ರಿ ಕೊರೆಯತೊಡಗಿದಾಗ ಮರ ತನ್ನ ಹಸಿರಿನ ಅಂಗಡಿ ಮುಚ್ಚುತ್ತದೆ. ಪತ್ರಹರಿತ್ತನ್ನು ಒಡೆದು, ಅದರಲ್ಲಿದ್ದ ಸತ್ವವನ್ನು ಕೊಂಬೆಗೂ ಬೇರಿಗೂ ಸಾಗಿಸಿಕೊಳ್ಳುತ್ತದೆ. ಬೇಸಿಗೆಯಿಡೀ ಹಸಿರಿನ ಅಡಿಯಲ್ಲಿ ಅಡಗಿದ್ದ ಹಳದಿ ಆಗ ಹೊರಗೆ ಬರುತ್ತದೆ. ಹಳದಿ ಹೊಸದಲ್ಲ, ಮೊದಲಿನಿಂದ ಇದ್ದದ್ದು. ಕೆಂಪು ಹೊಸದು. ತೊಟ್ಟಿನ ಬುಡದಲ್ಲಿ ಬಿರಟೆಯಂಥ ಪದರವೊಂದು ಬೆಳೆದು ದಾರಿ ಕಟ್ಟಿಕೊಳ್ಳುತ್ತಿರುವಾಗ ಎಲೆಯಲ್ಲಿ ಉಳಿದ ಸಕ್ಕರೆಯಿಂದ ಅದು ಹುಟ್ಟುತ್ತದೆ. ಅದಕ್ಕೇ ಹಗಲು ಒಳ್ಳೆಯ ಬಿಸಿಲು, ರಾತ್ರಿ ಹಿಮಗಟ್ಟದಷ್ಟು ಚಳಿ ಇರುವ ವರ್ಷ ಕೆಂಪು ಹೆಚ್ಚು. ಮಳೆ, ಮೋಡ ಸುತ್ತಿಕೊಂಡ ವರ್ಷ ಮಂಕು. ಕಣಿವೆಯ ಹರುದ್ ಸಾಮಾನ್ಯವಾಗಿ ಒಣ ಹವೆಯದು, ಆಕಾಶ ನಿಚ್ಚಳ. ಸಕ್ಕರೆ ನಿಂತು ಬಣ್ಣ ಏರುವುದಕ್ಕೆ ಕನ್ನಡದಲ್ಲಿ ಮೊದಲೇ ಒಂದು ಮಾತಿದೆ, ಹಣ್ಣಾಗುವುದು. ಈ ಎಲೆಗಳನ್ನು ನಾವು ಒಣಗಿದ್ದು, ಸತ್ತದ್ದು ಎನ್ನುವುದಿಲ್ಲ. ಹಣ್ಣೆಲೆ ಎನ್ನುತ್ತೇವೆ. ನಸೀಮ್ ಬಾಗ್‌ನಲ್ಲಿ ನಿಂತು ಆ ಪದವನ್ನು ಒಂದು ಸಲ ಗಟ್ಟಿಯಾಗಿ ಹೇಳಿದೆ. ಅದರಷ್ಟು ಸರಿಯಾದ ಮಾತು ಇನ್ನೊಂದು ಹೊಳೆಯಲಿಲ್ಲ.

ಮಧ್ಯಾಹ್ನ ಶಿಕಾರಾ ದೋಣಿ ಹಿಡಿದು ಆಚೆ ದಡಕ್ಕೆ. ದಾಲ್‌ನ ತಾವರೆಗಳು ಮುಗಿದು ಬಾಡಿದ ದಂಟುಗಳು ನೀರಿನಲ್ಲಿ ಬಾಗಿ ನಿಂತಿದ್ದವು. ದಾರಿಯಲ್ಲಿ ಚಾರ್ ಚಿನಾರ್, ಔರಂಗಜೇಬನ ತಮ್ಮ ಮುರಾದ್ ಬಕ್ಷ್ ಹೆಸರಿಗೆ ಸೇರಿದ ಪುಟ್ಟ ದ್ವೀಪ, ಮೂಲೆಗೊಂದು ಮರ. ಫೋಟೊಗಳಲ್ಲಿ ಇದೇ ಹೆಚ್ಚು ಕಾಣುವುದಾದರೂ ನನಗೆ ಇಳಿಯಬೇಕೆನ್ನಿಸಲಿಲ್ಲ. ದೂರದಿಂದಲೇ ಚೆಂದ, ಕೆಂಪು ನೀರಿಗೆ ಇಳಿದು ಅಲುಗುವಾಗ. ಹುಟ್ಟು ಹಾಕುತ್ತಿದ್ದ ಹಿರಿಯರು ಫೆರನ್ ಎಂಬ ದೊಗಲೆ ನಿಲುವಂಗಿಯೊಳಗೆ ಒಂದು ಕೈ ಅಡಗಿಸಿ ಆಕಾಶ ನೋಡಿದರು. ‘ಸಾಹೇಬ್, ನಾಳಿದ್ದು ಮಳೆ ಅನ್ನುತ್ತಿದ್ದಾರೆ. ಗಾಳಿ ಮಳೆ ಒಟ್ಟಿಗೆ ಬಂತೋ, ಒಂದೇ ರಾತ್ರಿಗೆ ಬರೀ ಕೊಂಬೆ. ಇವತ್ತು ಚೆನ್ನಾಗಿ ನೋಡಿಕೊಂಡುಬಿಡಿ’ ಎಂದರು.

ನಿಶಾತ್ ಬಾಗ್ ಕಟ್ಟಿಸಿದ್ದು ನೂರ್‌ಜಹಾನಳ ಅಣ್ಣ ಆಸಫ್ ಖಾನ್, 1633ರಲ್ಲಿ. 12 ಅಂತಸ್ತುಗಳು ಬೆಟ್ಟದ ಬುಡದಿಂದ ಸರೋವರದತ್ತ ಇಳಿಯುತ್ತವೆ. ನಾಲ್ಕು ಗಂಟೆಯ ಹೊತ್ತಿಗೆ ಮೇಲಿನ ಅಂತಸ್ತು ಸೇರಿದರೆ ಬಿಸಿಲು ನೀರಿನ ಆಚೆಯಿಂದ ನೇರವಾಗಿ ಮೈಮೇಲೆ ಬರುತ್ತದೆ. ಕೆಳಗಿನ ಚಿನಾರ್‌ಗಳ ತಲೆಗಳೆಲ್ಲ ಕಾಲ ಕೆಳಗೆ. ಮರವನ್ನು ಬುಡದಿಂದ ನೋಡಿ ರೂಢಿಯಿರುವ ನಮಗೆ ಹೀಗೆ ಮೇಲಿನಿಂದ ಅದರ ನೆತ್ತಿ ನೋಡುವ ಭಾಗ್ಯ ಸಿಕ್ಕುವುದು ಕಡಿಮೆ. ಅವುಗಳ ಆಚೆ ದಾಲ್‌ನ ನೀರು, ಅದರಾಚೆ ಹರಿಪರ್ಬತದ ಕೋಟೆ, ಇನ್ನೂ ಆಚೆ ಪೀರ್ ಪಂಜಾಲ್‌ನ ಸಾಲಿನಲ್ಲಿ ಹೊಸ ಹಿಮದ ಗೆರೆ. ಅಂದು ಭಾನುವಾರ. ಶ್ರೀನಗರದ ಕುಟುಂಬಗಳೆಲ್ಲ ಬಂದಿದ್ದವು. ಎಲೆಗಳ ಮೇಲೇ ಜಮಖಾನ ಹಾಸಿ, ಸಮೋವಾರ್ ನಡುವೆ ಇಟ್ಟುಕೊಂಡು ಗುಲಾಬಿ ಬಣ್ಣದ ನೂನ್ ಚಾಯ್ ಬಗ್ಗಿಸುತ್ತಿದ್ದರು. ಮಕ್ಕಳು ಎಲೆಗಳನ್ನು ಗುಡ್ಡೆ ಮಾಡುವುದು, ಓಡಿಬಂದು ಅದರ ಮೇಲೆ ಬೀಳುವುದು, ಮತ್ತೆ ಗುಡ್ಡೆ ಮಾಡುವುದು. ಒಬ್ಬ ಅಜ್ಜಿ ಮೊಮ್ಮಗಳ ಕೂದಲಿನಿಂದ ಎಲೆಚೂರು ಹೆಕ್ಕುತ್ತ ಬಯ್ಯುತ್ತಿದ್ದಳು. ಭಾಷೆ ತಿಳಿಯದಿದ್ದರೂ ಆ ಬೈಗುಳ ನಮ್ಮೂರಿನದೇ.

ಐದೂವರೆಗೆ ಸೂರ್ಯ ಮುಳುಗುತ್ತಾನೆ. ಕೆಂಪು ಮರದ ಮೇಲೆ ಕೆಂಪು ಬಿಸಿಲು ಬೀಳುವ ಕಡೆಯ ಹತ್ತು ನಿಮಿಷ ತೋಟದಲ್ಲಿ ಮಾತೇ ತಗ್ಗಿಹೋಗುತ್ತದೆ. ಯಾರೂ ಯಾರಿಗೂ ಹೇಳಿರುವುದಿಲ್ಲ, ಎಲ್ಲರೂ ಒಂದೇ ಕಡೆ ತಿರುಗಿರುತ್ತಾರೆ.

ಮರುದಿನ ಹಳೆ ಶ್ರೀನಗರದ ಗಲ್ಲಿಗಳಲ್ಲಿ ಕಂಡದ್ದು ಯಾವ ಪ್ರವಾಸಿ ನಕ್ಷೆಯಲ್ಲೂ ಇರಲಿಲ್ಲ, ಆದರೆ ಹರುದ್‌ನ ಬಣ್ಣ ಪೂರ್ತಿಯಾದದ್ದು ಅಲ್ಲೇ. ಝೇಲಂ ದಂಡೆಯ ಮರದ ಕಿಟಕಿಗಳ ಮುಂದೆ ತೋರಣ ಕಟ್ಟಿದ ಹಾಗೆ ದಾರಗಳು. ದಾರಗಳಲ್ಲಿ ಸೀಳಿದ ಬದನೆಕಾಯಿ, ಟೊಮೆಟೊ, ಉಂಗುರದಂತೆ ಕತ್ತರಿಸಿದ ಸೋರೆ. ಹೋಖ್ ಸ್ಯೂನ್ ಎನ್ನುತ್ತಾರೆ, ಒಣತರಕಾರಿ. ಹಿಮ ಬಿದ್ದು ಹೆದ್ದಾರಿ ಮುಚ್ಚಿದರೆ ಕಣಿವೆಗೆ ಹಸಿ ತರಕಾರಿ ಬರುತ್ತಿರಲಿಲ್ಲ. ಆ ದಿನಗಳ ಬುದ್ಧಿ ಇದು. ಈಗ ದಾರಿ ಸುಧಾರಿಸಿದೆ, ಆದರೂ ರುಚಿ ಬಿಟ್ಟಿಲ್ಲ. ಸಂಡಿಗೆ, ಬಾಳಕ, ಮಾವಿನಕಾಯಿ ಹೋಳು ಒಣಗಿಸುವ ನಮ್ಮ ಬೇಸಿಗೆಯ ಮಾಳಿಗೆ ನೆನಪಾಯಿತು. ನಾವು ಮಳೆಗಾಲಕ್ಕೆ ಕೂಡಿಡುತ್ತೇವೆ, ಅವರು ಹಿಮಕ್ಕೆ. ಕಿಟಕಿಯ ಆ ಒಣಗಿದ ಟೊಮೆಟೊ ಮಾಲೆಯ ಕೆಂಪೂ ಆಚೆ ನದಿಯೊಡ್ಡಿನ ಚಿನಾರ್‌ನ ಕೆಂಪೂ ಒಂದೇ ಆಗಿದ್ದವು.

ಮರದ ಕೆಳಗೆ ಹೆಂಗಸರು ಉದ್ದ ಪೊರಕೆಗಳಿಂದ ಎಲೆ ಗುಡಿಸಿ ಗೋಣಿಗೆ ತುಂಬುತ್ತಿದ್ದರು. ಕಸವೆಂದು ಗುಡಿಸುವುದಲ್ಲ. ಈ ಎಲೆಯನ್ನು ರಾಶಿ ಹಾಕಿ ಬೆಂಕಿ ಕೊಟ್ಟು, ಪೂರ್ತಿ ಬೂದಿಯಾಗುವ ಮೊದಲೇ ನೀರು ಚಿಮುಕಿಸಿ ಆರಿಸಿದರೆ ಪುಡಿ ಇದ್ದಿಲು ಸಿಗುತ್ತದೆ. ಚಳಿಗಾಲವಿಡೀ ಫೆರನ್ನಿನೊಳಗೆ ಹೊಟ್ಟೆಗೆ ಹತ್ತಿರ ಹಿಡಿಯುವ ಕಾಂಗ್ಡಿಗೆ ಅದೇ ಉರುವಲು. ಮಣ್ಣಿನ ಕುಡಿಕೆಗೆ ಬೆತ್ತದಂಥ ಕಡ್ಡಿಯ ಬುಟ್ಟಿ ಹೆಣೆದದ್ದು ಕಾಂಗ್ಡಿ. ಚಿನಾರ್ ಎಲೆಯ ಇದ್ದಿಲು ಮೆಲ್ಲಗೆ, ಬಹಳ ಹೊತ್ತು ಕಾಯುತ್ತದೆ ಎಂದರು ಗೋಣಿ ಹಿಡಿದಿದ್ದ ತಾಯಿಯೊಬ್ಬರು. ಆ ಹೊಗೆಯ ವಾಸನೆ, ತುಸು ಸಿಹಿ, ತುಸು ಒಗರು, ಸಂಜೆಯಾದರೆ ಇಡೀ ಊರಿನ ಮೇಲೆ ಕೂತಿರುತ್ತದೆ. ಕೆಂಡದ ಬಣ್ಣದ ಎಲೆ ಕೊನೆಗೆ ಕೆಂಡವೇ ಆಗುತ್ತದೆ.

ದಾಚಿಗಾಮ್‌ಗೆ ಹೋಗಿದ್ದು ಅರ್ಧ ದಿನಕ್ಕೆ. ಅನುಮತಿ ಪಡೆದು ಒಳಗೆ ಹೋಗಬೇಕು. ಶ್ರೀನಗರದ ಅಂಚಿನಿಂದಲೇ ಶುರುವಾಗುವ 141 ಚದರ ಕಿಲೋಮೀಟರಿನ ಈ ಕಾಡಿನಲ್ಲಿ ಬಣ್ಣ ತೋಟದ ಹಾಗೆ ಜೋಡಿಸಿಟ್ಟದ್ದಲ್ಲ. ಅಕ್ರೋಟಿನ ಹಳದಿ, ಕಾಡುಪೊದೆಗಳ ಕೆಂಪು, ದಗ್ವಾನ್ ತೊರೆಯುದ್ದಕ್ಕೂ ಹಳದಿ ತಿರುಗಿದ ವಿಲ್ಲೋ, ಎಲ್ಲ ಕಲಸಿಕೊಂಡಿವೆ. ಹಂಗುಲ್ ಸಾರಂಗದ ಕಡೆಯ ಆಸರೆ ಇದು. ಈ ಕಾಲದಲ್ಲಿ ಗಂಡುಗಳು ಹೆಣ್ಣುಗಳಿಗಾಗಿ ಕೂಗು ಹಾಕುತ್ತವೆ. ಹೆಚ್ಚಾಗಿ ಅಕ್ಟೋಬರ್‌ನಲ್ಲಿ. ನಾನು ಹೋದಾಗ ಅದು ಮುಗಿಯುತ್ತ ಬಂದಿತ್ತು. ಒಂದೇ ಸಲ, ತೊರೆಯಾಚೆ ದೂರದಲ್ಲಿ, ಹಳೆಯ ಬಾಗಿಲು ತೆರೆದಂಥ ದನಿಯೊಂದು ಬಂತು. ಜೊತೆಗಿದ್ದ ಕಾವಲುಗಾರ ಬೆರಳು ತುಟಿಗಿಟ್ಟ. ಮತ್ತೆ ಬರಲಿಲ್ಲ.

ದಕ್ಷಿಣಕ್ಕೆ ಹೆದ್ದಾರಿ ಹಿಡಿದರೆ ಪಾಂಪೋರ್. ಅಲ್ಲಿ ತಲೆಯೆತ್ತಬೇಕಿಲ್ಲ, ಬಣ್ಣ ನೆಲದಲ್ಲಿದೆ. ಕರೇವಾ ಎಂಬ ಚಪ್ಪಟೆ ದಿನ್ನೆಗಳ ಮೇಲೆ ಅಕ್ಟೋಬರ್ ಕೊನೆಗೆ ಕುಂಕುಮಕೇಸರಿ ಹೂ ಬಿಡುತ್ತದೆ. ಎಲೆ ಹೆಸರಿಗಷ್ಟೇ, ಕಂದುಮಣ್ಣಿನಿಂದ ನೇರವಾಗಿ ನೇರಳೆ ಹೂ. ಪ್ರತಿ ಹೂವಿಗೆ ಮೂರೇ ಕೆಂಪು ಎಳೆ. ಒಂದು ಗ್ರಾಂ ಒಣ ಕೇಸರಿಗೆ ಸುಮಾರು 150 ಹೂ ಬೇಕು. ಬಿಸಿಲೇರುವ ಮೊದಲೇ ಮನೆಮಂದಿಯೆಲ್ಲ ಸೊಂಟ ಬಗ್ಗಿಸಿ ಬುಟ್ಟಿಗೆ ಬಿಡಿಸುತ್ತಾರೆ. ಕಾಶ್ಮೀರಿಯಲ್ಲಿ ಇದು ಕೊಂಗ್, ಅಂದರೆ ಕುಂಕುಮ. ನಾವು ಹಣೆಗಿಡುವ ಅರಿಸಿನದ ಕುಂಕುಮಕ್ಕೆ ಹೆಸರು ಕೊಟ್ಟದ್ದು ಈ ಹೂವೇ. ನಾನು ಕಂಡದ್ದು ಕಡೆಯ ಕೊಯ್ಲು. ಹೊಲದ ತುಂಬ ಕಿತ್ತು ಎಸೆದ ನೇರಳೆ ಎಸಳು, ಬದುವಿನಲ್ಲಿ ಸಾಲು ಪಾಪ್ಲರ್, ಹೊಂಬಣ್ಣದ ದೊಡ್ಡ ದೊಡ್ಡ ಭರ್ಚಿಗಳನ್ನು ನೆಟ್ಟ ಹಾಗೆ.

ಪಾಂಪೋರ್‌ನ ಪಕ್ಕದಲ್ಲೇ ಖೋನ್‌ಮೊಹ್ ಎಂಬ ಊರು. ಅಲ್ಲಿಗೆ ಹೋಗದೆ ವಾಪಸಾಗಬಾರದೆಂದು ಮೊದಲೇ ನಿರ್ಧರಿಸಿದ್ದೆ. ಅದು ಬಿಲ್ಹಣನ ಊರು. 11ನೇ ಶತಮಾನದಲ್ಲಿ ಕಣಿವೆ ಬಿಟ್ಟು ಹೊರಟ ಈ ಕವಿ ಊರೂರು ಅಲೆದು ಕೊನೆಗೆ ನೆಲೆ ನಿಂತದ್ದು ನಮ್ಮ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ. ಅರಸನ ಮೇಲೆ ವಿಕ್ರಮಾಂಕದೇವಚರಿತ ಬರೆದ. 18 ಸರ್ಗಗಳ ಆ ಕಾವ್ಯದ ಕೊನೆಯ ಸರ್ಗದಲ್ಲಿ ಅರಸನನ್ನು ಬದಿಗಿಟ್ಟು ತನ್ನೂರನ್ನು ನೆನೆಯುತ್ತಾನೆ. ಒಂದು ಮಗ್ಗುಲಲ್ಲಿ ಕುಂಕುಮ, ಇನ್ನೊಂದು ಮಗ್ಗುಲಲ್ಲಿ ದ್ರಾಕ್ಷಿ ಎಂದು ಆ ಊರಿನ ಚಿತ್ರ ಕೊಡುತ್ತಾನೆ. ಬೀದರಿನ ಕೆಂಪುಕಲ್ಲಿನ ಬಯಲಿನಲ್ಲಿ ಕೂತು ಈ ಕಾರ್ತಿಕವನ್ನು ಅವನು ಎಷ್ಟು ಸಲ ಕಣ್ಣಮುಂದೆ ತಂದುಕೊಂಡಿರಬೇಕು! ಈಗ ಖೋನ್‌ಮೊಹ್ ಸುತ್ತ ಕಾರ್ಖಾನೆಗಳು ಬಂದಿವೆ, ಧೂಳಿದೆ. ಆದರೂ ದಿನ್ನೆಯ ಮೇಲೆ ನೇರಳೆ ಕಂಡಿತು. ಕಲ್ಯಾಣದ ಕಡೆಯಿಂದ ಬಂದವರ ಲೆಕ್ಕದಲ್ಲಿ ಅವನ ಪರವಾಗಿ ಒಂದು ಸಲ ಕಣ್ತುಂಬ ನೋಡಿಕೊಂಡೆ.

ಇನ್ನೂ ಮುಂದೆ ಸಂಗಮ್‌ನಲ್ಲಿ ರಸ್ತೆಬದಿಗೆ ವಿಲ್ಲೋ ಮರದ ಕ್ರಿಕೆಟ್ ಬ್ಯಾಟಿನ ತುಂಡುಗಳನ್ನು ಗೋಪುರದಂತೆ ಒಟ್ಟಿ ಒಣಗಲು ಬಿಟ್ಟಿರುತ್ತಾರೆ. ಬಿಜ್‌ಬೆಹಾರಾದಲ್ಲಿ ದಾರಾ ಶಿಕೋಹ್ ಹೆಸರಿನ ತೋಟ, ಝೇಲಂನ ಎರಡೂ ದಡಕ್ಕೆ ಹರಡಿಕೊಂಡದ್ದು. ಅಲ್ಲಿನ ಹಳೆಯ ಚಿನಾರ್‌ಗಳ ಸುತ್ತಳತೆ ನೋಡಿದ ಮೇಲೆ ಉಳಿದದ್ದೆಲ್ಲ ಸಸಿ ಅನ್ನಿಸುತ್ತದೆ. ಕಾಂಡಕ್ಕೆ ಅಂಗೈಯಗಲದ ಒಂದು ಲೋಹದ ಫಲಕ ತಗುಲಿಸಿತ್ತು, ಮೇಲೆ ಕ್ಯೂಆರ್ ಕೋಡ್. ರಸ್ತೆ, ಕಟ್ಟಡಗಳಿಗಾಗಿ ಎಷ್ಟೋ ಚಿನಾರ್ ಹೋಗಿವೆ. 1969ರ ಕಾಯ್ದೆ ಪ್ರಕಾರ ಸ್ವಂತ ಜಮೀನಿನ ಚಿನಾರ್ ಕಡಿಯುವುದಕ್ಕೂ ಸರ್ಕಾರದ ಒಪ್ಪಿಗೆ ಬೇಕು. ಈಚೆಗೆ ಅರಣ್ಯ ಸಂಶೋಧಕರು ಮರಮರಕ್ಕೂ ಗುರುತಿನ ಸಂಖ್ಯೆ ಕೊಡುತ್ತಿದ್ದಾರೆ. 2025ರ ಆರಂಭದ ಹೊತ್ತಿಗೆ 28 ಸಾವಿರಕ್ಕೂ ಹೆಚ್ಚು ಮರ ಲೆಕ್ಕಕ್ಕೆ ಬಂದಿದ್ದವು. ಲೆಕ್ಕ ಇಟ್ಟ ಮಾತ್ರಕ್ಕೆ ಮರ ಉಳಿಯದು, ನನಗೂ ಗೊತ್ತು. ಆದರೆ ಲೆಕ್ಕವೇ ಇಲ್ಲದ ನಮ್ಮ ಹೆದ್ದಾರಿಗಳ ಸಾಲುಮರಗಳು ಹೇಗೆ ಮಾಯವಾದವೆಂದು ಕಂಡವನಿಗೆ ಆ ಫಲಕ ಮುಟ್ಟಿದಾಗ ಸಮಾಧಾನವೇ ಆಯಿತು.

ಶಿಕಾರಾದ ಹಿರಿಯರು ಹೇಳಿದ ಮಳೆ ಬಂತು, ರಾತ್ರಿಯಿಡೀ. ಹೊರಡುವ ದಿನ ಬೆಳಗ್ಗೆ ಮತ್ತೆ ನಸೀಮ್ ಬಾಗ್‌ಗೆ ಹೋದೆ. ಮರಗಳು ಅರ್ಧಕ್ಕರ್ಧ ಬರಿದು. ನೆಲದ ಮೇಲೆ ಮೊಣಕಾಲು ಮಟ್ಟ ಒದ್ದೆ ಎಲೆ, ಮೊದಲ ದಿನದ ಚರಕ್ ಸದ್ದು ಪೂರ್ತಿ ನಿಂತುಹೋಗಿತ್ತು. ಮನಸ್ಸಿಗೆ ಕಸಿವಿಸಿ. ವಯಸ್ಸಾದ ಮಾಲಿಯೊಬ್ಬರು ಎಲೆಯನ್ನು ಪಕ್ಕಕ್ಕೆ ಎಳೆಯುತ್ತಿದ್ದರು. ‘ಎಲ್ಲ ಹೋಯಿತಲ್ಲ ಚಾಚಾ’ ಅಂದೆ. ಅವರು ಕೊಂಚ ಹೊತ್ತು ನನ್ನ ಮುಖ ನೋಡಿ, ಬಗ್ಗಿ ಒಂದು ಎಲೆ ಎತ್ತಿಕೊಂಡು, ಅದರ ತೊಟ್ಟಿನ ಬುಡವನ್ನು ನನ್ನತ್ತ ತಿರುಗಿಸಿದರು. ‘ಇಲ್ಲಿ ನೋಡು ಬೇಟಾ.’

ತೊಟ್ಟಿನ ತುದಿ ಟೊಳ್ಳು. ಒಳಗೆ ಜೋಳದ ಕಾಳು ಹಿಡಿಸುವಷ್ಟು, ಮೊನಚಾದ ಗುಳಿ, ಟೊಪ್ಪಿಗೆಯ ಒಳಭಾಗದ ಹಾಗೆ. ಆಮೇಲೆ ಅವರು ತಲೆಯ ಮಟ್ಟದಲ್ಲಿದ್ದ ಒಂದು ಸಣ್ಣ ರೆಂಬೆ ಬಗ್ಗಿಸಿ ಹಿಡಿದರು. ಎಲೆ ಕಳಚಿದ ಗಾಯದ ನಡುವೆ, ಅದೇ ಅಳತೆಯ ಮೊಗ್ಗು ಕೂತಿತ್ತು, ಬರುವ ಚೈತ್ರದ್ದು. ಬೇಸಿಗೆಯಲ್ಲೇ ಹುಟ್ಟಿ, ಇಷ್ಟು ದಿನವೂ ಹಳೆಯ ಎಲೆಯ ತೊಟ್ಟಿನೊಳಗೆ ಬೆಚ್ಚಗಿದ್ದು, ನಿನ್ನೆ ರಾತ್ರಿ ಎಲೆ ಬಿದ್ದಾಗ ಮೊದಲ ಸಲ ಮಳೆ ಕಂಡ ಮೊಗ್ಗು. ಮಾಲಿ ರೆಂಬೆಯನ್ನು ಬಿಟ್ಟರು. ಅದು ಮೇಲಕ್ಕೆ ಚಿಮ್ಮಿ ನಮ್ಮಿಬ್ಬರ ಮೇಲೂ ನೀರು ಸಿಡಿಸಿತು.